ಪಂಪ್ ಮಾಡುವ ತಾಯಿಗೆ ಹಾಲು ಹೆಚ್ಚಬೇಕಾದರೆ: ಯಾವ ದಾರಿ ಯಾವಾಗ?

ಎದೆಹಾಲನ್ನು ಪಂಪಿನಿಂದ ತೆಗೆದು ಕುಡಿಸುವ ಬಾಣಂತಿ, ಹಾಲು ಸಾಲುತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಒಂದೇ ದಿನದಲ್ಲಿ ಹತ್ತು ಸಲಹೆ ಬರುತ್ತವೆ. ಇನ್ನೂ ಹೆಚ್ಚು ಸಲ ಪಂಪ್ ಮಾಡು, ಇನ್ನೂ ಹೆಚ್ಚು ಹೊತ್ತು ಮಾಡು, ದೊಡ್ಡ ಪಂಪ್ ತರಿಸು, ಪವರ್ ಪಂಪಿಂಗ್ ಮಾಡು, ಮೆಂತ್ಯದ ಕ್ಯಾಪ್ಸೂಲ್ ತೆಗೆದುಕೋ, ಮಾತ್ರೆ ಬರೆಸಿಕೋ, ನೀರು ಕುಡಿ. ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಗುಣ ಸಿಕ್ಕಿತು ಎಂಬುದು ತಿಳಿಯುವುದಿಲ್ಲ, ಅಷ್ಟರಲ್ಲಿ ತಾಯಿಯ ನಿದ್ದೆ, ಶಕ್ತಿ, ಧೈರ್ಯ ಮೂರೂ ಕರಗಿರುತ್ತವೆ.

ಹಾಲು ಕಡಿಮೆಯಾಗಲು ಮುಖ್ಯವಾಗಿ ಮೂರು ಕಾರಣ. ಎದೆಯಿಂದ ಹಾಲನ್ನು ಸಾಕಷ್ಟು ಸಲ ತೆಗೆಯುತ್ತಿಲ್ಲ. ಅಥವಾ ತೆಗೆದಾಗ ಪೂರ್ತಿ ಬರುತ್ತಿಲ್ಲ. ಅಥವಾ ದೇಹದೊಳಗೇ ಏನೋ ಅಡ್ಡಿಯಿದೆ. ಮೊದಲನೆಯದಕ್ಕೆ ಮದ್ದು ವೇಳಾಪಟ್ಟಿ, ಎರಡನೆಯದಕ್ಕೆ ಪಂಪಿನ ಫ್ಲೇಂಜ್ (ಎದೆಗೆ ಇಡುವ ಬಟ್ಟಲು), ವಾಲ್ವ್ (ಎಳೆತ ಹಿಡಿದಿಡುವ ಚಿಕ್ಕ ಮುಚ್ಚಳ) ಮತ್ತು ಕೈ, ಮೂರನೆಯದಕ್ಕೆ ವೈದ್ಯರು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಾಗಲೇ ತಿಂಗಳುಗಟ್ಟಲೆ ಒದ್ದಾಟ ನಡೆಯುವುದು. ದಿನಕ್ಕೆ ನಾಲ್ಕೇ ಸಲ ಪಂಪ್ ಮಾಡುವವರಿಗೆ ಮಾತ್ರೆಯಿಂದ ಹೆಚ್ಚೇನೂ ಆಗದು. ಹರಿದ ವಾಲ್ವ್ ಇಟ್ಟುಕೊಂಡು ಹತ್ತು ಸಲ ಪಂಪ್ ಮಾಡಿದರೂ ಅಷ್ಟೇ.

ಮೊದಲು ಅಳತೆ: ನಿಜಕ್ಕೂ ಕಡಿಮೆಯೇ?

ಒಂದು ತಿಂಗಳಿಂದ ಆರು ತಿಂಗಳವರೆಗೆ, ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿ ಕುಡಿಯುತ್ತದೆ. 500ರ ಆಸುಪಾಸಿನಲ್ಲೇ ಚೆನ್ನಾಗಿ ಬೆಳೆಯುವ ಮಕ್ಕಳಿದ್ದಾರೆ, ಒಂದು ಲೀಟರ್ ದಾಟುವವರೂ ಇದ್ದಾರೆ. ಈ ಐದು ತಿಂಗಳಲ್ಲಿ ಮಗು ಬೆಳೆದಂತೆ ದಿನದ ಒಟ್ಟು ಹಾಲು ಹೆಚ್ಚುತ್ತಲೇ ಹೋಗುವುದಿಲ್ಲ, ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಇದು ತಿಳಿಯದೆ ನಾಲ್ಕನೇ ತಿಂಗಳಲ್ಲಿ 'ಇನ್ನೂ ಅಷ್ಟೇ ಬರುತ್ತಿದೆಯಲ್ಲ' ಎಂದು ಕಂಗಾಲಾಗುವವರು ಬಹಳ.

ಒಂದು ಸಲದ ಬಾಟಲಿ ನೋಡಿ ತೀರ್ಮಾನ ಮಾಡಬೇಡಿ. ಬೆಳಗಿನ ಜಾವ ಹೆಚ್ಚು, ಸಂಜೆ ಕಡಿಮೆ ಬರುವುದು ಸಹಜ. ಮಗು ನೇರವಾಗಿ ಎದೆಹಾಲು ಕುಡಿಯುತ್ತಿದ್ದು, ನಡುನಡುವೆ ಪಂಪ್ ಮಾಡುತ್ತಿದ್ದರೆ ಎರಡೂ ಕಡೆಯಿಂದ ಸೇರಿ 15ರಿಂದ 60 ಮಿಲಿ ಬಂದರೆ ಅದು ಕೊರತೆಯಲ್ಲ, ಮಗು ಕುಡಿದು ಉಳಿದ ಹಾಲು ಅಷ್ಟು. ಮಗು ಕುಡಿಯಬೇಕಿದ್ದ ಹೊತ್ತಿನಲ್ಲಿ ಪಂಪ್ ಮಾಡಿದರೆ 60ರಿಂದ 120 ಮಿಲಿ ಸಾಮಾನ್ಯ. ಹಾಗಾಗಿ ಮೂರು ದಿನ ಪ್ರತಿ ಸಲದ ಹೊತ್ತು ಮತ್ತು ಮಿಲಿ ಬರೆದಿಟ್ಟು, 24 ಗಂಟೆಯ ಮೊತ್ತವನ್ನು ಮೂರು ದಿನಕ್ಕೆ ಸರಾಸರಿ ತೆಗೆಯಿರಿ. ಮುಂದೆ ಯಾವ ಬದಲಾವಣೆ ಮಾಡಿದರೂ ಆ ಸಂಖ್ಯೆಯೊಂದಿಗೇ ಹೋಲಿಸಬೇಕು.

ಹೆರಿಗೆಯಾದ ಮೊದಲೆರಡು ದಿನ ಬರುವುದು ಚಮಚಗಳ ಲೆಕ್ಕದ ದಪ್ಪ ಗಿಣ್ಣುಹಾಲು. ಎರಡರಿಂದ ನಾಲ್ಕನೇ ದಿನದೊಳಗೆ ಹಾಲು ಏರುತ್ತದೆ. ಸಿಸೇರಿಯನ್, ಮಧುಮೇಹ, ಹೆಚ್ಚು ರಕ್ತಸ್ರಾವ ಆದವರಲ್ಲಿ ಒಂದೆರಡು ದಿನ ತಡವಾಗಬಹುದು. ಅವಧಿಗೆ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿರುವ ಮಗುವಿನ ತಾಯಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 10ರಿಂದ 14ನೇ ದಿನದೊಳಗೆ ದಿನಕ್ಕೆ 500 ಮಿಲಿ ದಾಟುವುದು. ಮಗುವಿಗೆ ಆಗ ಅಷ್ಟು ಹಾಲು ಬೇಕಿರುವುದಿಲ್ಲ ನಿಜ. ಆದರೆ ಮೊದಲೆರಡು ವಾರದಲ್ಲಿ ಎಷ್ಟು ಹಾಲು ಹೊರಬಂತು ಎಂಬುದು ಮುಂದಿನ ತಿಂಗಳುಗಳ ಪ್ರಮಾಣಕ್ಕೆ ಅಡಿಪಾಯ. ಇಲ್ಲಿ ಕಾಯುತ್ತಾ ಕೂರಬಾರದು.

ಮಗುವನ್ನೂ ನೋಡಿ. ಐದನೇ ದಿನದ ನಂತರ ದಿನಕ್ಕೆ ಆರಾದರೂ ಸರಿಯಾಗಿ ಒದ್ದೆಯಾದ ಡೈಪರ್, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುವುದು, ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಿಕೆ ಇದ್ದರೆ ಮಗುವಿಗೆ ಹಾಲು ಸಿಗುತ್ತಿದೆ. ಇಷ್ಟಾಗಿಯೂ 'ತೆಗೆದದ್ದು ಸಾಲುತ್ತಿಲ್ಲ' ಎಂದರೆ ತಪ್ಪು ಬಾಟಲಿಯಲ್ಲಿರಬಹುದು. ಬಾಟಲಿಯ ನಿಪ್ಪಲ್‌ನ ತೂತು ದೊಡ್ಡದಿದ್ದು ಮಗುವನ್ನು ಅಂಗಾತ ಮಲಗಿಸಿ ಕುಡಿಸಿದರೆ ಐದೇ ನಿಮಿಷದಲ್ಲಿ ಬಾಟಲಿ ಖಾಲಿ. ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದರೊಳಗೆ ಇನ್ನೊಂದು ಬಾಟಲಿ ಬಾಯಿಗೆ ಬಂದಿರುತ್ತದೆ. ನಿಧಾನ ಹರಿಯುವ ನಿಪ್ಪಲ್ ಹಾಕಿ, ಮಗುವನ್ನು ಕೂರಿಸಿದಂತೆ ಎತ್ತಿ ಹಿಡಿದು, ಬಾಟಲಿಯನ್ನು ಅಡ್ಡಕ್ಕಿಟ್ಟು, ಆಗಾಗ ಬಿಡುವು ಕೊಡುತ್ತಾ 15–20 ನಿಮಿಷ ಕುಡಿಸಿ ನೋಡಿ. ಕೆಲವರ 'ಕೊರತೆ' ಇಲ್ಲೇ ಮುಗಿಯುತ್ತದೆ.

ಒದ್ದೆ ಡೈಪರ್ ಕಡಿಮೆಯಾದರೆ, ಮಗು ಕುಡಿಯಲೂ ಏಳದಷ್ಟು ಮಂಕಾಗಿದ್ದರೆ, ತೂಕ ಇಳಿಯುತ್ತಿದ್ದರೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ದಾನಿ ಹಾಲೋ ಫಾರ್ಮುಲಾವೋ, ಮೊದಲು ಮಗುವಿನ ಹೊಟ್ಟೆ ತುಂಬಬೇಕು. ಹಾಲು ಹೆಚ್ಚಿಸುವ ಕೆಲಸ ಅದರ ಜೊತೆಗೇ ನಡೆಯಲಿ.

ಹೆಚ್ಚು ಸಲವೋ, ಹೆಚ್ಚು ಹೊತ್ತೋ, ಪವರ್ ಪಂಪಿಂಗೋ?

ತುಂಬಿದ ಎದೆ ನಿಧಾನವಾಗಿ ಹಾಲು ತಯಾರಿಸುತ್ತದೆ, ಖಾಲಿಯಾದ ಎದೆ ಬೇಗ ತಯಾರಿಸುತ್ತದೆ. ಒಳಗೆ ನಿಂತ ಹಾಲೇ 'ಇನ್ನು ಸಾಕು' ಎಂಬ ಸೂಚನೆ ಕೊಡುತ್ತದೆ. ಎರಡು ಎದೆಗಳ ಲೆಕ್ಕವೂ ಬೇರೆ ಬೇರೆ. ಒಂದೇ ಕಡೆ ತೆಗೆಯುತ್ತಿದ್ದರೆ ಆ ಕಡೆ ಹೆಚ್ಚಿ, ಇನ್ನೊಂದು ಕಡೆ ಬತ್ತುತ್ತದೆ. ಇದರ ಮೇಲೆ ಹಾರ್ಮೋನುಗಳ ಕೆಲಸ: ಹಾಲು ತಯಾರಿಸುವುದು ಪ್ರೊಲ್ಯಾಕ್ಟಿನ್, ತಯಾರಾದದ್ದನ್ನು ಹೊರಕ್ಕೆ ತಳ್ಳುವುದು ಆಕ್ಸಿಟೋಸಿನ್. ಪ್ರತಿ ಸಲ ಹಾಲು ತೆಗೆದಾಗಲೂ ಪ್ರೊಲ್ಯಾಕ್ಟಿನ್ ಏರುತ್ತದೆ, ರಾತ್ರಿಯ ಹೊತ್ತು ಅದರ ಮಟ್ಟ ಹೆಚ್ಚಿರುತ್ತದೆ.

ಆದ್ದರಿಂದ ಸಲಗಳ ಸಂಖ್ಯೆ ಕಡಿಮೆಯಿದ್ದರೆ ಮೊದಲು ಅದನ್ನೇ ಹೆಚ್ಚಿಸಬೇಕು. ಬರೀ ಪಂಪ್ ನಂಬಿದ ತಾಯಿಗೆ ಮೊದಲ ವಾರಗಳಲ್ಲಿ 24 ಗಂಟೆಗೆ 8ರಿಂದ 12 ಸಲ ಬೇಕು. ಹಾಲು ನೆಲೆಗೊಳ್ಳುವವರೆಗೆ, ಅಂದರೆ ಮೊದಲ ಆರರಿಂದ ಹನ್ನೆರಡು ವಾರ, ಏಳೆಂಟಕ್ಕಿಂತ ಇಳಿಸಬೇಡಿ. ಇಬ್ಬರು ತಾಯಂದಿರನ್ನು ಹೋಲಿಸಿ: ಒಬ್ಬರು ಐದು ಸಲ 30 ನಿಮಿಷ, ಇನ್ನೊಬ್ಬರು ಎಂಟು ಸಲ 18 ನಿಮಿಷ ಪಂಪ್ ಮಾಡುತ್ತಾರೆ. ಒಟ್ಟು ಹೊತ್ತು ಹೆಚ್ಚು ಕಡಿಮೆ ಒಂದೇ. ಆದರೂ ಮೊದಲ ತಿಂಗಳಲ್ಲಿ ಸಾಮಾನ್ಯವಾಗಿ ಎರಡನೆಯವರ ಹಾಲೇ ಚೆನ್ನಾಗಿ ಏರುತ್ತದೆ, ಏಕೆಂದರೆ ಅವರ ಎದೆ ತುಂಬಿ ನಿಲ್ಲುವ ಹೊತ್ತು ಕಡಿಮೆ.

ಸಮ ಅಂತರ ಬೇಕೆಂದಿಲ್ಲ. ಬೆಳಿಗ್ಗೆ ಎರಡು ಗಂಟೆಗೊಮ್ಮೆ ಮೂರು ಸಲ ಮಾಡಿ, ಮಧ್ಯಾಹ್ನ ನಾಲ್ಕು ಗಂಟೆ ಬಿಟ್ಟರೂ ನಡೆಯುತ್ತದೆ. ಮೊದಲ ವಾರಗಳಲ್ಲಿ ಐದು ಗಂಟೆಗಿಂತ ದೊಡ್ಡ ಅಂತರ ಮಾತ್ರ ಬೇಡ, ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಒಂದು ಸಲ ಬಿಡಬೇಡಿ. ನಿದ್ದೆಗೆ ಅದು ಕಷ್ಟ, ಗೊತ್ತಿರುವ ಮಾತೇ. ರಾತ್ರಿಯದನ್ನು ಮಲಗುವ ಮುನ್ನ ಒಂದು, ಮುಂಜಾನೆ ಒಂದು ಎಂದು ಹಂಚಿಕೊಂಡು, ನಡುವೆ ನಾಲ್ಕೂವರೆ ಗಂಟೆ ಮುರಿಯದ ನಿದ್ದೆ ಉಳಿಸಿಕೊಳ್ಳುವುದು ಬಹಳ ಜನ ಬಾಳಿಸಬಲ್ಲ ಏರ್ಪಾಡು.

ಎಷ್ಟು ಸಲ ಎಂಬುದು ಎದೆಯ ಹಿಡಿತದ, ಅಂದರೆ ಅದು ಒಮ್ಮೆಗೆ ಎಷ್ಟು ಹಾಲು ಹಿಡಿದಿಡಬಲ್ಲದು ಎಂಬುದರ ಮೇಲೂ ನಿಂತಿದೆ. ಆರು ಗಂಟೆ ಬಿಟ್ಟು ತೆಗೆದಾಗ 250–300 ಮಿಲಿ ಬರುವವರಿಗೆ ಮುಂದೆ ದಿನಕ್ಕೆ ಐದು ಸಲವೂ ಸಾಕಾಗಬಹುದು. ಎರಡು ಮೂರು ಗಂಟೆಯಲ್ಲೇ ಎದೆ ಬಿಗಿದು, ತೆಗೆದರೆ 70 ಮಿಲಿ ಬರುವವರಿಗೆ ಎಂಟು ಸಲವೇ ಬೇಕು. ಹಿಡಿತ ಚಿಕ್ಕದಿದ್ದರೆ ದಿನದ ಒಟ್ಟು ಕಡಿಮೆ ಎಂದಲ್ಲ. ಎದೆಯ ಗಾತ್ರ ನೋಡಿ ಇದನ್ನು ಹೇಳಲೂ ಆಗದು. ಆದರೆ ಬೇರೆಯವರ ವೇಳಾಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ಇವರಿಗೆ ಹಾಲು ಇಳಿದೇ ಇಳಿಯುತ್ತದೆ.

ಹೆಚ್ಚು ಹೊತ್ತು ಪಂಪ್ ಮಾಡುವುದಕ್ಕೆ ಮಿತಿಯಿದೆ. ಎರಡೂ ಕಡೆ ಒಟ್ಟಿಗೆ ಹಾಕಿದಾಗ 15–20 ನಿಮಿಷ, ಅಥವಾ ಕೊನೆಯ ಹನಿ ಬಿದ್ದ ಮೇಲೆ ಇನ್ನೆರಡು ನಿಮಿಷ. ಹೆಚ್ಚಿನ ಪಾಲು ಮೊದಲ ಒಂದೆರಡು ಇಳಿತಗಳಲ್ಲೇ (ಎದೆಯಿಂದ ಹಾಲು ಧಾರೆಯಾಗಿ ಹೊರಬರುವ ಸರದಿಗಳಲ್ಲೇ) ಬಂದಿರುತ್ತದೆ. ನಲವತ್ತು ನಿಮಿಷ ಕೂತರೆ ಸಿಗುವುದು ಕೆಲವೇ ಹನಿ, ಜೊತೆಗೆ ಊದಿಕೊಂಡ ತೊಟ್ಟು. ಆ ನೋವಿನಿಂದ ಮುಂದಿನ ಸಲ ಹಾಲು ಹೊರಬರುವುದೂ ತಡವಾಗುತ್ತದೆ.

ಪವರ್ ಪಂಪಿಂಗ್ ಎಂದರೆ ಮಗು ಒಮ್ಮೊಮ್ಮೆ ಸಂಜೆ ಬಿಟ್ಟು ಬಿಟ್ಟು ಕುಡಿಯುವುದನ್ನು ಅನುಕರಿಸುವುದು. ಒಂದು ಗಂಟೆ ಎತ್ತಿಡಿ: 20 ನಿಮಿಷ ಪಂಪ್, 10 ಬಿಡುವು, 10 ಪಂಪ್, 10 ಬಿಡುವು, 10 ಪಂಪ್. ದಿನದ ಸಲಗಳಲ್ಲಿ ಒಂದರ ಬದಲಿಗೆ ಇದನ್ನು ಮಾಡಿ, ಮೂರರಿಂದ ಏಳು ದಿನ. ಕೊನೆಯ ಹತ್ತು ನಿಮಿಷದಲ್ಲಿ ಹನಿಯೂ ಬರದಿದ್ದರೆ ಬೇಸರಪಡಬೇಕಿಲ್ಲ, ಆ ಹೊತ್ತಿನ ಕೆಲಸ ಸೂಚನೆ ಕಳಿಸುವುದು ಮಾತ್ರ. ಫಲ ಕಾಣಲು ಎರಡು ಮೂರು ದಿನ ಬೇಕು, ಕೆಲವರಿಗೆ ಒಂದು ವಾರ.

ಇದು ಯಾರಿಗೆ? ದಿನಕ್ಕೆ ಏಳೆಂಟು ಸಲ ಆಗಲೇ ಮಾಡುತ್ತಿದ್ದು ಮೊತ್ತ ಒಂದೇ ಕಡೆ ನಿಂತವರಿಗೆ. ಕಾಯಿಲೆ, ಪ್ರಯಾಣ, ಕೆಲಸಕ್ಕೆ ಮರಳಿದ ವಾರದಲ್ಲಿ ಇಳಿದದ್ದನ್ನು ಎತ್ತಬೇಕಾದವರಿಗೆ. ದಿನಕ್ಕೆ ಇನ್ನೊಂದು ಸಲ ಸೇರಿಸಲು ಬಿಡುವೇ ಇಲ್ಲದೆ ರಾತ್ರಿ ಒಂದು ಗಂಟೆ ಮಾತ್ರ ಸಿಗುವವರಿಗೆ. ದಿನಕ್ಕೆ ನಾಲ್ಕೈದೇ ಸಲ ಮಾಡುವವರು ಮೊದಲು ಎರಡು ಸಲ ಸೇರಿಸಲಿ. ತೊಟ್ಟು ಬಿರಿದಿರುವಾಗ, ಎದೆ ಕೆಂಪಾಗಿ ಜ್ವರ ಬಂದಿರುವಾಗ ಪವರ್ ಪಂಪಿಂಗ್ ಬೇಡವೇ ಬೇಡ.

ಹೊಸ ಪಂಪ್ ಕೊಳ್ಳುವ ಮುನ್ನ ಫ್ಲೇಂಜ್, ವಾಲ್ವ್, ಒತ್ತಡ

ಎಲ್ಲರೂ ಬಿಟ್ಟುಬಿಡುವ, ಆದರೆ ಹೆಚ್ಚು ಲಾಭ ಕೊಡುವ ಜಾಗ ಇದು.

ಫ್ಲೇಂಜ್ ಎಂದರೆ ಎದೆಗೆ ಇಟ್ಟುಕೊಳ್ಳುವ ಕೊಳವೆಯಾಕಾರದ ಬಟ್ಟಲು. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 24 ಮಿಮೀ ಬರುತ್ತದೆ, ಕೆಲವೊಮ್ಮೆ 28. ಬಹಳ ತಾಯಂದಿರಿಗೆ ಬೇಕಾದದ್ದು ಅದಕ್ಕಿಂತ ಚಿಕ್ಕದು. ಪಂಪ್ ಮಾಡುವ ಮುನ್ನ, ತೊಟ್ಟು ಊದಿಕೊಂಡಿರದಾಗ, ಅದರ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಸುತ್ತಲಿನ ಕಪ್ಪು ಭಾಗ ಲೆಕ್ಕಕ್ಕಿಲ್ಲ. ಆ ಅಳತೆಯಷ್ಟೇ, ಅಥವಾ ಹೆಚ್ಚೆಂದರೆ ಮೂರು ಮಿಮೀ ದೊಡ್ಡ ಕೊಳವೆಯಿಂದ ಶುರುಮಾಡಿ. 16 ಮಿಮೀ ಬಂದರೆ 16ರಿಂದ 19. ಎಡಕ್ಕೂ ಬಲಕ್ಕೂ ಬೇರೆ ಗಾತ್ರ ಬೇಕಾದರೆ ಅಚ್ಚರಿಯೇನಿಲ್ಲ.

ಅಳತೆ ಆರಂಭ ಮಾತ್ರ, ತೀರ್ಪು ಪಂಪ್ ಓಡುವಾಗ. ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದು ಹೋಗುತ್ತಿದ್ದರೆ, ಮುಗಿದ ಮೇಲೆ ತೊಟ್ಟಿನ ಸುತ್ತ ಉಂಗುರದಂಥ ಊತ ಉಳಿದರೆ ಫ್ಲೇಂಜ್ ದೊಡ್ಡದು. ತೊಟ್ಟು ಗೋಡೆಗೆ ಒತ್ತಿ ಉಜ್ಜುತ್ತಿದ್ದರೆ, ಚಲಿಸದೆ ಸಿಕ್ಕಿಕೊಂಡಿದ್ದರೆ, ತುದಿ ಬಿಳಿಚಿ ನೋವಾದರೆ ಚಿಕ್ಕದು. ಎರಡರಲ್ಲೂ ನಾಳಗಳ ಮೇಲೆ ಒತ್ತಡ ಬಿದ್ದು ಹಾಲು ಒಳಗೇ ಉಳಿಯುತ್ತದೆ. ರಬ್ಬರಿನಂತೆ ಉದ್ದಕ್ಕೆ ಎಳೆಯುವ ತೊಟ್ಟಿನವರಿಗೆ ಚಿಕ್ಕ ಕೊಳವೆ, ಅಂಚಿಗೆ ಒಂದು ಹನಿ ಕೊಬ್ಬರಿ ಎಣ್ಣೆಯಂಥ ಜಾರುಪದಾರ್ಥ ಸೇರಿದರೆ ನೋವು ಬಹಳ ಕಡಿಮೆಯಾಗುತ್ತದೆ.

ನಿನ್ನೆವರೆಗೆ ಸರಿಯಾಗಿ ಬರುತ್ತಿದ್ದ ಹಾಲು ಇಂದು ಏಕಾಏಕಿ ಅರ್ಧವಾದರೆ ಮೊದಲು ಅನುಮಾನಪಡಬೇಕಾದದ್ದು ವಾಲ್ವ್. ಬಾತುಕೋಳಿಯ ಕೊಕ್ಕಿನಂತಿರುವ ಸಿಲಿಕಾನ್ ವಾಲ್ವನ್ನು ಬೆಳಕಿಗೆ ಹಿಡಿಯಿರಿ: ತುದಿಯ ಸೀಳು ಮುಚ್ಚಿಕೊಂಡಿರಬೇಕು, ಬೆಳಕು ಕಂಡರೆ ಅದರ ಕಥೆ ಮುಗಿಯಿತು. ಬ್ರಷ್ ಹಾಕಿ ತಿಕ್ಕಿದರೆ ಈ ಸೀಳು ಬೇಗ ಹರಿಯುತ್ತದೆ, ಬೆರಳಿನಿಂದ ತೊಳೆದರೆ ಸಾಕು. ದಿನಕ್ಕೆ ಏಳೆಂಟು ಸಲ ಬಳಸುವವರು ನಾಲ್ಕರಿಂದ ಎಂಟು ವಾರಕ್ಕೊಮ್ಮೆ ವಾಲ್ವ್ ಬದಲಿಸಬೇಕು, ಒಂದು ಜೊತೆ ಮನೆಯಲ್ಲಿ ಎತ್ತಿಟ್ಟಿರಬೇಕು. ಹಾಲು ಮೋಟಾರಿನ ಕಡೆ ಹೋಗದಂತೆ ತಡೆಯುವ ಡಯಾಫ್ರಾಮ್ ಸಡಿಲವಾದರೂ ಎಳೆತ ಇಳಿಯುತ್ತದೆ. ಪರೀಕ್ಷೆ ಸುಲಭ: ಪಂಪ್ ಓಡಿಸಿ ಫ್ಲೇಂಜನ್ನು ಅಂಗೈಯಿಂದ ಮುಚ್ಚಿ. ಒಂದು ಕಡೆ ಗಟ್ಟಿ ಎಳೆದು ಇನ್ನೊಂದು ಕಡೆ ಸಪ್ಪೆಯಾದರೆ ಆ ಕಡೆಯ ವಾಲ್ವ್, ಡಯಾಫ್ರಾಮ್, ಟ್ಯೂಬ್ ಈ ಸಾಲಿನಲ್ಲಿ ಒಂದೊಂದಾಗಿ ಅದಲುಬದಲು ಮಾಡಿ ನೋಡಿ. ಟ್ಯೂಬಿನಲ್ಲಿ ಬರೀ ಆವಿಯ ಹನಿಗಳಿದ್ದರೆ ಫ್ಲೇಂಜ್ ಕಳಚಿ ಐದು ನಿಮಿಷ ಪಂಪ್ ಓಡಿಸಿದರೆ ಒಣಗುತ್ತವೆ. ಕಪ್ಪು ಚುಕ್ಕೆ ಕಂಡರೆ ಬೂಸ್ಟು ಹಿಡಿದಿದೆ, ಎಸೆಯಬೇಕು.

ಇನ್ನು ಒತ್ತಡ. ಗರಿಷ್ಠಕ್ಕೆ ತಿರುಗಿಸಿದರೆ ಹಾಲು ಹೆಚ್ಚು ಎಂಬ ನಂಬಿಕೆ ತಪ್ಪು. ನೋವು ಆಕ್ಸಿಟೋಸಿನ್ ಅನ್ನು ತಡೆಯುತ್ತದೆ, ಹಾಲು ಹೊರಬರುವುದಿಲ್ಲ. ಒಂದೊಂದೇ ಹಂತ ಏರಿಸಿ, ತುಸು ಅಹಿತ ಅನ್ನಿಸಿದಲ್ಲಿ ಒಂದು ಹಂತ ಕೆಳಗಿಳಿಸಿ. ನಿಮ್ಮ ಎದೆಗೆ ಹೆಚ್ಚು ಹಾಲು ಕೊಡುವ ಒತ್ತಡ ಅದೇ. ಮೊದಲು ಬೇಗ ಬೇಗ, ಹಗುರವಾಗಿ ಎಳೆಯುವ ಮೋಡ್‌ನಲ್ಲಿ ಒಂದೆರಡು ನಿಮಿಷ. ಹಾಲು ಧಾರೆ ಕಟ್ಟಿದ ಕೂಡಲೇ ನಿಧಾನವಾಗಿ ಆಳಕ್ಕೆ ಎಳೆಯುವ ಮೋಡ್. ಧಾರೆ ಹನಿಯಾದಾಗ ಮತ್ತೆ ಬೇಗದ ಮೋಡ್‌ಗೆ ಹೋಗಿ ಇನ್ನೊಂದು ಇಳಿತ ತರಿಸಿ. ಒಂದೇ ಮೋಡ್‌ನಲ್ಲಿ ಇಪ್ಪತ್ತು ನಿಮಿಷ ಬಿಡುವುದು ಅತಿ ಸಾಮಾನ್ಯ ತಪ್ಪು.

ಬಾಟಲಿಯನ್ನೇ ದಿಟ್ಟಿಸುತ್ತಾ ಕೂತರೂ ಇಳಿತ ತಡವಾಗುತ್ತದೆ. ಬಾಟಲಿಗೆ ಒಂದು ಮಗುವಿನ ಕಾಲುಚೀಲ ತೊಡಿಸಿ ಮರೆಮಾಡಿ, ಮಗುವಿನ ವಾಸನೆಯಿರುವ ಬಟ್ಟೆ ಹತ್ತಿರ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿರುವ ಮಗುವನ್ನು ಬರಿಮೈಗೆ ಅಪ್ಪಿ ಹಿಡಿದ ಕೂಡಲೇ ಪಂಪ್ ಮಾಡಿದರೆ ಎಷ್ಟೋ ತಾಯಂದಿರಿಗೆ ಆ ಸಲದ ಮೊತ್ತವೇ ದಿನದಲ್ಲಿ ದೊಡ್ಡದಾಗಿರುತ್ತದೆ.

ಕೈಯೋ, ಯಂತ್ರವೋ?

ಮೊದಲೆರಡು ಮೂರು ದಿನ ಕೈಯೇ ಮೇಲು. ಗಿಣ್ಣುಹಾಲು ಅಂಟು, ಅಳತೆಯೂ ಚಿಕ್ಕದು. ಯಂತ್ರದಲ್ಲಿ ಅದು ಫ್ಲೇಂಜಿನ ಗೋಡೆಗೇ ಮೆತ್ತಿಕೊಳ್ಳುತ್ತದೆ, ಕೈಯಲ್ಲಿ ಹಿಂಡಿ ಚಮಚಕ್ಕೋ ಸಿರಿಂಜಿಗೋ ಹಿಡಿದರೆ ಒಂದು ಹನಿಯೂ ಪೋಲಾಗದು. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂಟಿಮೀಟರಿನಷ್ಟು ಹಿಂದೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳುಗಳನ್ನು ಒಂದರತ್ತ ಒಂದು ತಂದು ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಹಿಂಡಲೂ ಬಾರದು. ಮಗು ಬೇರೆ ಕಡೆ ಇದ್ದರೆ ಹೆರಿಗೆಯಾದ ಮೊದಲ ಗಂಟೆಯಲ್ಲೇ, ಆಗದಿದ್ದರೆ ಆರು ಗಂಟೆಯೊಳಗೆ ಇದನ್ನು ಶುರುಮಾಡಬೇಕು.

ಹಾಲು ಏರಿದ ಮೇಲೆ ಎರಡನ್ನೂ ಸೇರಿಸುವುದೇ ನಮ್ಮ ಶಿಫಾರಸು. ಸ್ಟ್ಯಾನ್‌ಫರ್ಡ್‌ನ ಜೇನ್ ಮಾರ್ಟನ್ ಮತ್ತು ಸಂಗಡಿಗರು ಅವಧಿಪೂರ್ವ ಶಿಶುಗಳ ತಾಯಂದಿರ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಂಪ್ ಓಡುವಾಗಲೇ ಕೈಯಿಂದ ಎದೆಯನ್ನು ಒತ್ತುವ ವಿಧಾನ ಕಲಿತವರ ದಿನದ ಹಾಲು ಸರಾಸರಿ ಶೇ. 48ರಷ್ಟು ಹೆಚ್ಚಿತು. ಇದಕ್ಕೆ ಖರ್ಚಿಲ್ಲ, ಕೈ ಬಿಡುವಾಗಿದ್ದರಾಯಿತು. ಫ್ಲೇಂಜ್ ಹಿಡಿದಿಡುವ ಪಂಪಿಂಗ್ ಬ್ರಾ, ಅಥವಾ ತೊಟ್ಟಿನ ಜಾಗದಲ್ಲಿ ಎರಡು ತೂತು ಕತ್ತರಿಸಿದ ಹಳೆಯ ಬಿಗಿ ಬ್ರಾ ಸಾಕು. ಮೊದಲು ಎದೆಯನ್ನು ಒಂದು ನಿಮಿಷ ಹಗುರವಾಗಿ ನೇವರಿಸಿ. ಪಂಪ್ ಓಡುವಾಗ ಗಟ್ಟಿ ಅನ್ನಿಸಿದ ಭಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ, ಧಾರೆ ನಿಂತಾಗ ಜಾಗ ಬದಲಿಸಿ. ಪಂಪ್ ನಿಂತ ಮೇಲೆ ಒಂದೊಂದು ಕಡೆ ಎರಡು ನಿಮಿಷ ಕೈಯಿಂದ ಹಿಂಡಿ. ಮೆಲ್ಲಗೆ ಎಂಬ ಮಾತನ್ನು ಮರೆಯಬೇಡಿ. ಗಂಟು ಒಡೆಯಬೇಕೆಂದು ಬಲವಾಗಿ ತಿಕ್ಕಿದರೆ ಒಳಗಿನ ಅಂಗಾಂಶ ಊದಿ, ನಾಳಗಳು ಇನ್ನೂ ಇಕ್ಕಟ್ಟಾಗುತ್ತವೆ.

ಯಾವ ಪಂಪ್?

ಬರೀ ಪಂಪ್ ಮೇಲೆ ನಿಂತವರಿಗೆ ಎರಡೂ ಕಡೆ ಒಟ್ಟಿಗೆ ಎಳೆಯುವ ವಿದ್ಯುತ್ ಪಂಪ್ ಬೇಕೇ ಬೇಕು. ಒಂದೊಂದೇ ಕಡೆ ಎಳೆಯುವ ಪಂಪಿಗೆ ಇಮ್ಮಡಿ ಹೊತ್ತು ಹಿಡಿಯುತ್ತದೆ. ದಿನಕ್ಕೆ ಎಂಟು ಸಲ ಎಂದಾಗ ಆ ವ್ಯತ್ಯಾಸ ಎರಡು ಗಂಟೆಗೂ ಹೆಚ್ಚು, ಮತ್ತು ಆ ಬೇಸರಕ್ಕೇ ಸಲಗಳು ತಪ್ಪುತ್ತವೆ. ಎರಡೂ ಕಡೆ ಒಟ್ಟಿಗೆ ತೆಗೆದರೆ ಹಾಲೂ ತುಸು ಹೆಚ್ಚು ಬರುತ್ತದೆ.

ಮಗು ಎದೆಗೆ ಬಾಯಿ ಹಾಕಲಾಗದ ಮೊದಲ ವಾರಗಳಲ್ಲಿ, ಅವಳಿಗಳಾದಾಗ, ಹಾಲು ಈಗಾಗಲೇ ತೀರಾ ಇಳಿದಿರುವಾಗ ಆಸ್ಪತ್ರೆಗಳಲ್ಲಿ ಇಡುವಂಥ ದೊಡ್ಡ ಪಂಪನ್ನು ಬಾಡಿಗೆಗೆ ತರುವುದು ಒಳ್ಳೆಯದು. ಅದರ ಮೋಟಾರು ದಿನವಿಡೀ ಒಂದೇ ಸಮನೆ ಎಳೆಯುತ್ತದೆ. ಆದರೆ ಪೆಟ್ಟಿಗೆಯ ಮೇಲಿನ 'ಹಾಸ್ಪಿಟಲ್ ಗ್ರೇಡ್' ಎಂಬ ಮಾತಿಗೆ ಮರುಳಾಗಬೇಡಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಅದನ್ನು ಒಂದು ನಿಗದಿತ ದರ್ಜೆಯಾಗಿ ಗುರುತಿಸಿಲ್ಲ. ಕೇಳಬೇಕಾದದ್ದು ಎರಡು: ಹಲವರು ಬಳಸಲು ತಯಾರಾದದ್ದೇ, ಹಾಲು ಮೋಟಾರಿಗೆ ತಲುಪದ ಮುಚ್ಚಿದ ವ್ಯವಸ್ಥೆಯೇ? ಒಬ್ಬರ ಬಳಕೆಗೆಂದೇ ಮಾಡಿದ, ತಡೆಯಿಲ್ಲದ ಪಂಪನ್ನು ಬೇರೆಯವರಿಂದ ಎರವಲು ತರಬೇಡಿ. ಒಳಗೆ ಸೇರಿದ ಹಾಲಿನ ಕಣವನ್ನು ತೊಳೆಯಲು ದಾರಿಯೇ ಇಲ್ಲ.

ಬ್ರಾ ಒಳಗೆ ಇಟ್ಟುಕೊಳ್ಳುವ ವೈರ್ ಇಲ್ಲದ ಪಂಪುಗಳು ನಿಜಕ್ಕೂ ಉಪಕಾರಿ. ಬೇರೆ ಮಕ್ಕಳನ್ನು ನೋಡಿಕೊಳ್ಳುತ್ತಾ, ಕೆಲಸದ ಜಾಗದಲ್ಲಿ ಕೂತಲ್ಲೇ ಒಂದು ಸಲ ಮುಗಿಸಬಹುದು. ಆದರೆ ಮೋಟಾರು ಚಿಕ್ಕದು, ತೊಟ್ಟು ನಡುವೆ ಕೂತಿದೆಯೇ ಎಂದು ಕಾಣುವುದು ಕಷ್ಟ, ಕೈಯಿಂದ ಒತ್ತಲು ಜಾಗವಿಲ್ಲ. ಹಾಲು ನೆಲೆಗೊಳ್ಳುವ ಮುನ್ನ ಇದೊಂದನ್ನೇ ನಂಬಿದರೆ ಹಾಲು ಇಳಿಯುವ ಸಂಭವ ಹೆಚ್ಚು. ಆರು ವಾರ ಕಳೆದ ಮೇಲೆ, ದಿನಕ್ಕೆ ಒಂದೆರಡು ಸಲಕ್ಕೆ ಇಟ್ಟುಕೊಳ್ಳಿ. ಬೆಳಗಿನ ದೊಡ್ಡ ಸಲ, ರಾತ್ರಿಯ ಸಲ ದೊಡ್ಡ ಪಂಪಿನಲ್ಲೇ ಇರಲಿ.

ಕೈಪಂಪ್ ಪ್ರಯಾಣಕ್ಕೆ, ಕರೆಂಟು ಹೋದಾಗಕ್ಕೆ. ಎದೆಗೆ ಅಂಟಿಸಿಡುವ ಸಿಲಿಕಾನ್ ಬಟ್ಟಲು ಹಾಲು ಹೆಚ್ಚಿಸುವ ಸಾಧನವಲ್ಲ, ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಸೋರುವುದನ್ನು ಹಿಡಿಯುವ ಪಾತ್ರೆ ಅಷ್ಟೇ.

ಸಲ ಹೆಚ್ಚಿದರೆ ತೊಳೆಯುವ ಕೆಲಸವೂ ಹೆಚ್ಚುತ್ತದೆ, ಎಷ್ಟೋ ಜನ ಸೋಲುವುದು ಅಲ್ಲಿ. ಬಳಸಿದ ಭಾಗಗಳನ್ನು ತೊಳೆಯದೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸುವುದಕ್ಕಿಂತ ಎರಡು ಮೂರು ಜೊತೆ ಭಾಗ ಇಟ್ಟುಕೊಂಡು ಒಟ್ಟಿಗೆ ತೊಳೆಯುವುದು ಕ್ಷೇಮ. ಎರಡು ತಿಂಗಳೊಳಗಿನ, ಅವಧಿಪೂರ್ವದ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಗುವಿಗಾದರೆ ಫ್ರಿಜ್ಜಿನ ಉಪಾಯ ಬೇಡ. ಪ್ರತಿ ಸಲ ಸಾಬೂನಿನ ಬಿಸಿನೀರಿನಲ್ಲಿ ಬೇರೆಯದೇ ಪಾತ್ರೆಯಲ್ಲಿ ತೊಳೆದು, ದಿನಕ್ಕೊಮ್ಮೆ ಕುದಿಸಿ ಅಥವಾ ಹಬೆಯಲ್ಲಿಟ್ಟು, ಪೂರ್ತಿ ಒಣಗಿಸಿ.

ಮೆಂತ್ಯ, ಮಾತ್ರೆ, ನೀರು

ಬಾಯಾರಿದಷ್ಟು ನೀರು ಕುಡಿಯಿರಿ. ಅದಕ್ಕಿಂತ ಹೆಚ್ಚು ಕುಡಿದರೆ ಹಾಲು ಹೆಚ್ಚುವುದಿಲ್ಲ. ಪೂರ್ತಿ ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಆಹಾರ ಬೇಕು, ಮೈ ಇಳಿಸುವ ಆತುರದಲ್ಲಿ ಊಟ ಬಿಟ್ಟವರಲ್ಲಿ ಹಾಲು ಇಳಿಯುವುದುಂಟು.

ಗಿಡಮೂಲಿಕೆಗಳ ಬಗ್ಗೆ ನೇರವಾಗಿ ಹೇಳಬೇಕು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯಿಂದ 2020ರಲ್ಲಿ ಬಂದ ಪರಾಮರ್ಶೆ ಹಾಲು ಹೆಚ್ಚಿಸುವ ಮೂಲಿಕೆ ಮತ್ತು ಔಷಧಗಳ 41 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಮೂಲಿಕೆಗಳಿಂದ ಲಾಭವಿರಬಹುದು, ಆದರೆ ಆಧಾರ ತೀರಾ ದುರ್ಬಲ ಎಂಬುದೇ ಅದರ ಸಾರ. ಮೆಂತ್ಯದ ಕ್ಯಾಪ್ಸೂಲಿನಿಂದ ಕೆಲವರಿಗೆ ಹೊಟ್ಟೆಯುಬ್ಬರ, ಭೇದಿ ಆಗುತ್ತದೆ, ಬೆವರಿಗೆ ಸಿಹಿ ವಾಸನೆ ಬರುತ್ತದೆ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿಯಬಹುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಅಪಾಯವಿದೆ, ಕಡಲೆಕಾಯಿ ಅಲರ್ಜಿ ಇರುವವರು ದೂರವಿರಬೇಕು. ಅಡುಗೆಯಲ್ಲಿ ಬಳಸುವಷ್ಟಕ್ಕೆ ಈ ಭಯ ಬೇಡ. ಕ್ಯಾಪ್ಸೂಲನ್ನು ವೇಳಾಪಟ್ಟಿಗೆ ಬದಲಾಗಿ ತೆಗೆದುಕೊಳ್ಳಬಾರದು ಎಂಬುದು ಮುಖ್ಯ.

ಡಾಂಪೆರಿಡೋನ್ ಮೂಲತಃ ವಾಂತಿಯ ಮದ್ದು. ಪ್ರೊಲ್ಯಾಕ್ಟಿನ್ ಅನ್ನು ತಗ್ಗಿಸಿಡುವ ಡೋಪಮೈನನ್ನು ತಡೆದು ಅದನ್ನು ಏರಿಸುತ್ತದೆ, ಸರಿಯಾಗಿ ಪಂಪ್ ಮಾಡುತ್ತಿರುವವರಲ್ಲಿ ಒಂದಿಷ್ಟು ಹಾಲು ಹೆಚ್ಚಿಸುತ್ತದೆ. ಆದರೆ ಹೃದಯದ ಬಡಿತ ಏರುಪೇರಾಗುವ ಅಪಾಯದಿಂದಾಗಿ ಎಫ್‌ಡಿಎ 2004ರಲ್ಲೇ ಹಾಲಿಗಾಗಿ ಇದನ್ನು ಬಳಸದಂತೆ ಎಚ್ಚರಿಸಿತು. ಹೃದ್ರೋಗ ಇರುವವರು ಇದನ್ನು ತೆಗೆದುಕೊಳ್ಳಬಾರದು. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಮತ್ತು ಫ್ಲುಕೊನಜೋಲ್ ಜೊತೆ ಬೇಡ. ಈ ಕೊನೆಯದನ್ನು ಎದೆಯ ಶಿಲೀಂಧ್ರ ಸೋಂಕಿಗೆಂದು ಬರೆದುಕೊಡುವುದು ಸಾಮಾನ್ಯ, ಹಾಗಾಗಿ ಡಾಂಪೆರಿಡೋನ್ ನಡೆಯುತ್ತಿದ್ದರೆ ತಪ್ಪದೆ ಹೇಳಿ. ದಿಢೀರನೆ ನಿಲ್ಲಿಸಿದರೆ ನಿದ್ದೆಗೇಡು, ತಳಮಳ ಬರಬಹುದು, ವೈದ್ಯರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ಹಾಲಿಗಾಗಿ ಕೊಡುವ ಇನ್ನೊಂದು ವಾಂತಿಯ ಮದ್ದು ಮೆಟೊಕ್ಲೊಪ್ರಮೈಡ್ ಖಿನ್ನತೆಯನ್ನು ಕೆದಕಬಲ್ಲದು. ಬಾಣಂತನದಲ್ಲಿ ಆ ಅಪಾಯ ಮೊದಲೇ ಇರುವುದರಿಂದ ನಮ್ಮ ದೃಷ್ಟಿಯಲ್ಲಿ ಅದು ಕೊನೆಯ ಆಯ್ಕೆ.

ಹಾಲು ಕಡಿಮೆ ಮಾಡುವ ಔಷಧಗಳ ಕಡೆ ಯಾರೂ ನೋಡುವುದಿಲ್ಲ, ಅದೇ ಬೇಸರದ ಸಂಗತಿ. ಮೂಗು ಕಟ್ಟಿದಾಗ ಕೊಡುವ ಸ್ಯೂಡೋಎಫಿಡ್ರಿನ್‌ನ 60 ಮಿಗ್ರಾಂನ ಒಂದೇ ಒಂದು ಮಾತ್ರೆಯಿಂದ ದಿನದ ಹಾಲು ಸುಮಾರು ಕಾಲುಭಾಗ ಇಳಿದದ್ದು 2003ರ ಒಂದು ಚಿಕ್ಕ ಅಧ್ಯಯನದಲ್ಲಿ ಕಂಡಿದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಇನ್ನೊಂದು ಸಾಮಾನ್ಯ ಕಾರಣ. ಧೂಮಪಾನವೂ ಹಾಲು ಕಡಿಮೆ ಮಾಡುತ್ತದೆ, ಮದ್ಯ ಎದೆಯಿಂದ ಹಾಲು ಹೊರಬರುವುದನ್ನು ತಡೆಯುತ್ತದೆ.

ಒಂದು ವಾರ ಸರಿಯಾಗಿ ಮಾಡಿಯೂ ಏರದಿದ್ದರೆ

ದಿನಕ್ಕೆ ಎಂಟು ಸಲ, ಸರಿಯಾದ ಫ್ಲೇಂಜ್, ಹೊಸ ವಾಲ್ವ್, ಕೈಯ ನೆರವು ಇಷ್ಟನ್ನೂ ಏಳು ದಿನ ಪಾಲಿಸಿ, ಮೊದಲು ಬರೆದಿಟ್ಟ ಸರಾಸರಿಯೊಂದಿಗೆ ಹೋಲಿಸಿ. ಏರಿಕೆ ಇಲ್ಲವೇ ಇಲ್ಲ ಎಂದರೆ ವೈದ್ಯರಲ್ಲಿ ಕೇಳಬೇಕಾದದ್ದು: ಥೈರಾಯ್ಡ್ ಪರೀಕ್ಷೆ, ರಕ್ತಹೀನತೆ, ಪ್ರೊಲ್ಯಾಕ್ಟಿನ್ ಮಟ್ಟ, ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನುಗಳ ಒಂದು ತೊಂದರೆ), ಹಿಂದೆ ಎದೆಯ ಶಸ್ತ್ರಚಿಕಿತ್ಸೆ. ಹಾಲು ಏರಲೇ ಇಲ್ಲ, ರಕ್ತಸ್ರಾವವೂ ನಿಲ್ಲುತ್ತಿಲ್ಲ ಎಂದರೆ ಮಾಸಿನ ತುಣುಕು ಗರ್ಭಕೋಶದಲ್ಲಿ ಉಳಿದಿರಬಹುದು, ಇದಕ್ಕೆ ವಾರ ಕಾಯಬೇಡಿ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದರೆ ಪ್ರೊಲ್ಯಾಕ್ಟಿನ್ ತಯಾರಿಸುವ ಪಿಟ್ಯುಟರಿ ಗ್ರಂಥಿಗೇ ಪೆಟ್ಟು ಬಿದ್ದಿರಬಹುದು. ಬಸುರಿನಲ್ಲಿ ಎದೆ ಚೂರೂ ಬೆಳೆಯಲಿಲ್ಲ, ಎರಡು ಎದೆಗಳ ನಡುವೆ ಅಂತರ ಬಹಳ ಎನ್ನುವವರಲ್ಲಿ ಹಾಲಿನ ಗ್ರಂಥಿಯೇ ಕಡಿಮೆ ಇರುವುದುಂಟು. ಇದು ತಾಯಿಯ ತಪ್ಪಲ್ಲ, ಪ್ರಯತ್ನದ ಕೊರತೆಯೂ ಅಲ್ಲ. ಅಂಥವರು ದಿನಕ್ಕೆ 200 ಮಿಲಿ ತೆಗೆದರೂ ಅದು ಮಗುವಿಗೆ ಸಲ್ಲುವ ಹಾಲೇ. ಉಳಿದದ್ದನ್ನು ಬೇರೆ ಹಾಲಿನಿಂದ ತುಂಬಿ, ಸಲಗಳನ್ನು ಬಾಳಿಸಬಹುದಾದಷ್ಟಕ್ಕೆ ಇಳಿಸಿಕೊಳ್ಳಲಿ.

ಗುರಿ ಮುಟ್ಟಿದವರು ಅಲ್ಲಿಗೆ ನಿಲ್ಲಬೇಕು. ಮಗುವಿಗೆ 800 ಸಾಕಾದಾಗ 1200 ತೆಗೆಯುತ್ತಾ ಹೋದರೆ ಎದೆ ಸದಾ ಬಿಗಿದು, ಹಾಲು ಕಟ್ಟಿಕೊಂಡು, ಬಾವು ಬರುತ್ತದೆ. ಬಾವು ಬಂದಾಗ ಪೂರ್ತಿ ಖಾಲಿ ಮಾಡಬೇಕೆಂದು ಹೆಚ್ಚುವರಿ ಪಂಪ್ ಮಾಡಬೇಡಿ. ಎಂದಿನಷ್ಟೇ ತೆಗೆದು, ತಣ್ಣನೆಯ ಬಟ್ಟೆ ಇಟ್ಟು, ಜ್ವರ 24 ಗಂಟೆಯೊಳಗೆ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಸಲ ಕಡಿಮೆ ಮಾಡುವಾಗ ಮೂರು ನಾಲ್ಕು ದಿನಕ್ಕೆ ಒಂದರಂತೆ ತೆಗೆಯಿರಿ, ಪ್ರತಿ ಸಲ ಕಡಿಮೆ ಮಾಡಿದ ಮೇಲೂ ಮೂರು ದಿನದ ಮೊತ್ತ ಬರೆಯಿರಿ. ಐವತ್ತು ಮಿಲಿಗಿಂತ ಹೆಚ್ಚು ಇಳಿದರೆ ಆ ಸಲವನ್ನು ಮರಳಿ ಸೇರಿಸಿ. ಎಲ್ಲಕ್ಕಿಂತ ಕೊನೆಗೆ ಬಿಡಬೇಕಾದದ್ದು ಬೆಳಗಿನ ಮೊದಲ ಸಲ.